ಸುವಾರ್ತೆ ಹೊತ್ತು ಬಂದವರು

ಪಾದ್ರಿ ಎಂದರೆ ಯಾರೆಂದು ಎಲ್ಲರಿಗೂ ಗೊತ್ತು. ಮಿಶನರಿ ಎಂಬ ಮಾತೂ ಹೊಸದಲ್ಲ. ಮಿಶನ್ ಶಾಲೆ, ಮಿಶನ್ ಆಸ್ಪತ್ರೆಗಳ ಹೆಸರು ಕೇಳದವರು ಕರ್ನಾಟಕದಲ್ಲಿ ಕಡಿಮೆ. ಆದರೆ 'ಸುವಾರ್ತಿಕ' ಎಂಬ ಪದ ಕ್ರೈಸ್ತರಲ್ಲದವರ ಕಿವಿಗೆ ಅಷ್ಟಾಗಿ ಬಿದ್ದಿಲ್ಲ. ಬಿದ್ದರೂ ಕಣ್ಣ ಮುಂದೆ ಬರುವ ಚಿತ್ರ ಒಂದೇ: ಜಾತ್ರೆಯ ಬೀದಿಯಲ್ಲೋ ಬಸ್ ನಿಲ್ದಾಣದ ಬಳಿಯೋ ನಿಂತು, ಕರಪತ್ರ ಹಂಚುತ್ತಾ, ಹೋಗುವವರನ್ನು ತಡೆದು ಮಾತನಾಡಿಸುವ ಮನುಷ್ಯ.

ಶಾಲೆಯ ಮಕ್ಕಳು ಕನ್ನಡದ ಮೊದಲ ಪತ್ರಿಕೆ ಯಾವುದೆಂದು ಬಾಯಿಪಾಠ ಮಾಡುತ್ತಾರೆ. ಕಿಟ್ಟೆಲ್ ನಿಘಂಟು ಪ್ರಕಟವಾದ ವರ್ಷವನ್ನೂ ನೆನಪಿಡುತ್ತಾರೆ. ಆ ಪತ್ರಿಕೆ ಹೊರಡಿಸಿದವರು, ಆ ನಿಘಂಟು ರಚಿಸಿದವರು ಇಬ್ಬರೂ ಸುವಾರ್ತೆ ಸಾರುವುದಕ್ಕೆಂದೇ ಜರ್ಮನಿಯಿಂದ ಹೊರಟು ಬಂದವರು ಎಂಬ ಸಂಗತಿ ಪಾಠದ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಚುರುಕಾದ ಮಗು ಮನೆಗೆ ಬಂದು, 'ಧರ್ಮ ಹೇಳಲು ಬಂದವರು ನಿಘಂಟು ಯಾಕೆ ಬರೆದರು?' ಎಂದು ಕೇಳಿದರೆ ತಂದೆತಾಯಿ ಏನು ಉತ್ತರ ಕೊಡಬೇಕು? ಈ ಪ್ರಶ್ನೆಗೆ ಉತ್ತರ ಸುವಾರ್ತಿಕ ಎಂಬ ಪದದ ಒಳಗೇ ಇದೆ.

ಸುವಾರ್ತೆ ಎಂದರೆ ಒಳ್ಳೆಯ ಸುದ್ದಿ. ಗ್ರೀಕ್ ಭಾಷೆಯ 'ಯುವಾಂಗೆಲಿಯೋನ್' ಎಂಬ ಪದದ ಕನ್ನಡ ರೂಪ ಇದು. ಕ್ರೈಸ್ತಧರ್ಮ ಹುಟ್ಟುವುದಕ್ಕೆ ಮುಂಚೆಯೇ ಈ ಪದ ಬಳಕೆಯಲ್ಲಿತ್ತು. ಯುದ್ಧ ಗೆದ್ದ ಸುದ್ದಿಯನ್ನು ಊರಿಗೆ ಮುಟ್ಟಿಸುವುದಕ್ಕೂ, ಅರಸರ ಮನೆಯ ಮಂಗಳವಾರ್ತೆಗೂ ಇದೇ ಪದ. ಈಗಿನ ತುರ್ಕಿಯಲ್ಲಿರುವ ಪ್ರಿಯೆನೆ ಎಂಬ ಹಳೆಯ ಪಟ್ಟಣದಲ್ಲಿ ಕ್ರಿಸ್ತಪೂರ್ವ 9ನೇ ವರ್ಷದ ಒಂದು ಶಾಸನ ಸಿಕ್ಕಿದೆ. ಅದರಲ್ಲಿ ರೋಮಿನ ಚಕ್ರವರ್ತಿ ಆಗಸ್ಟಸನ ಹುಟ್ಟಿದ ದಿನವನ್ನು ಕುರಿತು ಇದೇ ಮಾತು ಬಂದಿದೆ. ಯೇಸುವಿನ ಶಿಷ್ಯರು ಅರಮನೆಯ ಆ ಮಾತನ್ನು ಬಡವರ ಬೀದಿಗೆ ತಂದರು.

ಹೀಗಾಗಿ ಸುವಾರ್ತಿಕನ ಕೆಲಸ ಮೂಲದಲ್ಲಿ ಓಲೆಕಾರನ ಕೆಲಸ. ಓಲೆಕಾರ ಸುದ್ದಿಯನ್ನು ತಾನು ಹುಟ್ಟಿಸುವುದಿಲ್ಲ. ಅದಕ್ಕೆ ಉಪ್ಪುಖಾರ ಸೇರಿಸುವ ಹಕ್ಕೂ ಅವನಿಗಿಲ್ಲ. ಓಲೆ ಮುಟ್ಟಿಸಿದ ಮೇಲೆ ಮನೆಯವರು ಸಂತೋಷಪಟ್ಟೇ ತೀರಬೇಕೆಂದು ಹೊಸ್ತಿಲಲ್ಲಿ ಕೂತು ಹಟ ಹಿಡಿಯುವುದೂ ಅವನ ಕೆಲಸವಲ್ಲ. ಆದರೆ ಅವನಿಗೆ ಒಂದು ಮಾತ್ರ ಬರಲೇಬೇಕು. ಓಲೆ ಪಡೆಯುವವರಿಗೆ ಅರ್ಥವಾಗುವ ಭಾಷೆ.

ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಈ ಪದ ಬರುವುದು ಮೂರೇ ಕಡೆ. ಒಂದು ಕಡೆ ಅದು ಸಭೆಯ ಕೆಲಸಗಳ ಪಟ್ಟಿಯಲ್ಲಿದೆ. ಅಪೊಸ್ತಲರು, ಪ್ರವಾದಿಗಳು, ಸುವಾರ್ತಿಕರು, ಸಭಾಪಾಲಕರು, ಉಪದೇಶಕರು ಎಂದು ಅಲ್ಲಿ ಬೇರೆ ಬೇರೆ ಹೊಣೆಗಳನ್ನು ಹೇಳಿದೆ. ಇದ್ದವರನ್ನು ನೋಡಿಕೊಳ್ಳುವವನು ಸಭಾಪಾಲಕ. ಇನ್ನೂ ಕೇಳದವರ ಬಳಿಗೆ ಹೋಗುವವನು ಸುವಾರ್ತಿಕ. ಇನ್ನೊಂದು ಕಡೆ ತಿಮೊಥೆ ಎಂಬ ಯುವಕನಿಗೆ ಆ ಕೆಲಸ ಮಾಡೆಂದು ಕೊಟ್ಟ ಬುದ್ಧಿವಾದವಿದೆ. ಮೂರನೆಯ ಕಡೆಯಲ್ಲಿ ಒಬ್ಬ ಮನುಷ್ಯನಿಗೇ ಆ ಹೆಸರು ಬಂದಿದೆ. ಅವನು ಫಿಲಿಪ್ಪ. ಮತ್ತಾಯ, ಮಾರ್ಕ, ಲೂಕ, ಯೋಹಾನ ಈ ನಾಲ್ವರನ್ನು ಸುವಾರ್ತಿಕರೆಂದು ಕರೆಯುವುದು ಅವರ ಹೆಸರಿನಲ್ಲಿರುವ ನಾಲ್ಕು ಸುವಾರ್ತೆಗಳಿಂದಾಗಿ. ಆ ರೂಢಿ ಆಮೇಲೆ ಬಂದದ್ದು.

ಫಿಲಿಪ್ಪನ ಮೊದಲ ಕೆಲಸ ಉಪದೇಶವಾಗಿರಲಿಲ್ಲ, ಊಟದ ಮೇಲ್ವಿಚಾರಣೆ. ಯೆರೂಸಲೇಮಿನ ಸಭೆಯಲ್ಲಿ ದಿನವೂ ಆಗುತ್ತಿದ್ದ ದಾನದ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರಿಗೆ ಅನ್ಯಾಯವಾಗುತ್ತಿದೆ ಎಂದು ದೂರು ಬಂದಾಗ, ಅದನ್ನು ಸರಿಪಡಿಸಲು ಆರಿಸಿದ ಏಳು ಜನರಲ್ಲಿ ಅವನೊಬ್ಬ. ಮುಂದೆ ಗಾಜಾದ ದಾರಿಯಲ್ಲಿ ಇಥಿಯೋಪಿಯದ ರಾಣಿಯ ಅಧಿಕಾರಿಯೊಬ್ಬ ರಥದಲ್ಲಿ ಕೂತು ಗ್ರಂಥ ಓದುತ್ತಾ ಹೋಗುತ್ತಿದ್ದುದನ್ನು ಫಿಲಿಪ್ಪ ಕಂಡ. ಓಡಿ ಹೋಗಿ ಉಪದೇಶ ಶುರುಮಾಡಲಿಲ್ಲ. ಓದುತ್ತಿರುವುದು ತಿಳಿಯುತ್ತಿದೆಯೇ ಎಂದು ವಿಚಾರಿಸಿದ. ಅಧಿಕಾರಿಯೇ ಅವನನ್ನು ರಥಕ್ಕೆ ಹತ್ತಿಸಿಕೊಂಡು, ಪಕ್ಕದಲ್ಲಿ ಕೂರಿಸಿ, ತನ್ನ ಸಂದೇಹ ಕೇಳಿದ. ಕೇಳಿದ್ದಕ್ಕೆ ಫಿಲಿಪ್ಪ ಉತ್ತರ ಹೇಳಿದ. ದೀಕ್ಷಾಸ್ನಾನ ಬೇಕೆಂದವನೂ ಆ ಅಧಿಕಾರಿಯೇ. ಅದಾದ ಮೇಲೆ ಇಬ್ಬರ ದಾರಿ ಬೇರೆಯಾಯಿತು. ಅಧಿಕಾರಿ ತನ್ನ ದೇಶಕ್ಕೆ ಹೋದ, ಫಿಲಿಪ್ಪ ಅವನ ಬೆನ್ನು ಹತ್ತಲಿಲ್ಲ. ಮೊದಲು ಕೇಳಿಸಿಕೊಳ್ಳುವುದು, ಕರೆದರೆ ಹತ್ತುವುದು, ಕೇಳಿದ್ದಕ್ಕೆ ಹೇಳುವುದು, ಆಮೇಲೆ ಹೊರಟುಬಿಡುವುದು. ಸುವಾರ್ತಿಕನ ನಡತೆಗೆ ಕ್ರೈಸ್ತ ಗ್ರಂಥವೇ ಕೊಟ್ಟ ಮಾದರಿ ಇದು. ಶಿಷ್ಯರನ್ನು ಊರೂರಿಗೆ ಕಳಿಸುವಾಗ ಯೇಸು, ಸ್ವೀಕರಿಸದ ಊರನ್ನು ಬಿಟ್ಟು ಕಾಲಿನ ಧೂಳು ಕೊಡವಿ ಮುಂದೆ ನಡೆಯಿರೆಂದು ಹೇಳಿದ್ದೂ ಅಲ್ಲಿದೆ. ಒಲ್ಲೆ ಎನ್ನುವ ಹಕ್ಕು ಊರಿನವರಿಗೆ ಇದೆ ಎಂದೇ ಅದರ ಅರ್ಥ.

ಮಾದರಿ ಒಂದು, ನಡೆದುಕೊಳ್ಳುವ ಮನುಷ್ಯರು ಬೇರೆ ಬೇರೆ. ಅದನ್ನು ನೋಡಲು ಮಂಗಳೂರಿಗಿಂತ ಒಳ್ಳೆಯ ಊರು ಇಲ್ಲ.

1833ರ ಸನದು ಕಾಯಿದೆ ಬ್ರಿಟಿಷರಲ್ಲದ ಮಿಶನರಿಗಳಿಗೂ ಇಂಡಿಯಾದ ಬಾಗಿಲು ತೆರೆಯಿತು. ಮರುವರ್ಷವೇ, ಅಂದರೆ 1834ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಆರಂಭವಾಗಿದ್ದ ಮಿಶನ್ನಿನ ಮೂವರು ಮಂಗಳೂರಿಗೆ ಬಂದಿಳಿದರು. ಸಾಮ್ಯುವೆಲ್ ಹೆಬಿಕ್, ಲೇನರ್, ಗ್ರೈನರ್. ಇವರಲ್ಲಿ ಹೆಬಿಕ್ ಜಾತ್ರೆಯ ಸುವಾರ್ತಿಕ. ಉದ್ದ ಗಡ್ಡ, ದೊಡ್ಡ ಗಂಟಲು. ಜನ ಸೇರಿದಲ್ಲಿಗೆ ನುಗ್ಗಿ ನಿಂತು ಸಾರುವುದು ಅವರ ರೀತಿ. ದೇವಸ್ಥಾನದ ಉತ್ಸವಗಳಲ್ಲೂ ನಿಂತು ಮಾತನಾಡಿದರು. ಜನರ ಸಿಟ್ಟಿಗೂ ಗುರಿಯಾದರು. ಮುಂದೆ ಕಣ್ಣೂರಿಗೆ ಹೋಗಿ ನೆಲೆಸಿದರು. ಇಲ್ಲಿನ ಭಾಷೆ ಅವರಿಗೆ ಕೊನೆಯವರೆಗೂ ಚೆನ್ನಾಗಿ ಒಲಿಯಲಿಲ್ಲ. ಧೈರ್ಯವಂತರೆಂದು ಹೊಗಳಿದವರು ಇದ್ದಂತೆಯೇ, ಇನ್ನೊಬ್ಬರ ಹಬ್ಬದಲ್ಲಿ ನಿಂತು ಅವರ ದೇವರನ್ನು ಹಳಿಯುವುದು ಯಾವ ಸೀಮೆಯ ಒಳ್ಳೆಯ ಸುದ್ದಿ ಎಂದು ಕೇಳಿದವರೂ ಇದ್ದರೆ ಆಶ್ಚರ್ಯವಿಲ್ಲ.

ಎರಡು ವರ್ಷಗಳ ನಂತರ, 1836ರಲ್ಲಿ, ಹರ್ಮನ್ ಮೊಗ್ಲಿಂಗ್ ಬಂದರು. 1811ರಲ್ಲಿ ಹುಟ್ಟಿದ ಅವರು ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಅವರೂ ಬಂದದ್ದು ಸುವಾರ್ತೆಗಾಗಿಯೇ. ಆದರೆ ಕನ್ನಡ ಕಲಿಯದೆ ಬಾಯಿ ತೆರೆದರೆ ಪ್ರಯೋಜನವಿಲ್ಲವೆಂದು ಅವರಿಗೆ ಬೇಗ ತಿಳಿಯಿತು. ಕಲಿಯಲು ಕೂತವರಿಗೆ ಇನ್ನೊಂದು ಸತ್ಯವೂ ಕಂಡಿತು. ಬೈಬಲಿನ ಮಾತನ್ನು ಕನ್ನಡದಲ್ಲಿ ಹೇಳಬೇಕಾದರೆ ಪಾಪ, ಕರುಣೆ, ಭಕ್ತಿ, ಮೋಕ್ಷ ಎಂಬ ಪದಗಳು ಬೇಕು. ಆ ಪದಗಳು ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ದಾಸರು, ಶರಣರು, ಪುರಾಣ ಹೇಳುವವರು, ಮನೆಯ ಅಜ್ಜಿಯರು ನೂರಾರು ವರ್ಷ ಬಳಸಿ ಅವುಗಳಿಗೆ ಒಂದು ತೂಕ ಬಂದಿರುತ್ತದೆ. ಆ ತೂಕ ತಿಳಿಯದೆ ಪದ ಎತ್ತಿಕೊಂಡವನು ಹೇಳುವುದು ಒಂದು, ಕೇಳುವವರಿಗೆ ಮುಟ್ಟುವುದು ಮತ್ತೊಂದು.

ಮೊಗ್ಲಿಂಗ್ ಗಾದೆಗಳನ್ನು ಕೂಡಿಸಿದರು. ತಾಳೆಗರಿಗಳನ್ನು ಹುಡುಕಿಸಿದರು. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಟಿತು. ಕಲ್ಲಚ್ಚಿನಲ್ಲಿ ಮುದ್ರಣ, ಹದಿನೈದು ದಿನಕ್ಕೊಮ್ಮೆ ಸಂಚಿಕೆ. ಅದರಲ್ಲಿ ಊರಿನ ವರ್ತಮಾನ, ಸರಕಾರದ ಕಟ್ಟಳೆ, ಹೊರಗಿನ ಸುದ್ದಿ, ಕತೆ ಎಲ್ಲ ಇದ್ದವು. ಮುಂದಿನ ವರ್ಷ ಅದು ಬಳ್ಳಾರಿಯಲ್ಲಿ ಅಚ್ಚಾಗತೊಡಗಿ 'ಕನ್ನಡ ಸಮಾಚಾರ' ಎಂಬ ಹೆಸರು ಪಡೆಯಿತು. ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವಾಗಿ ಆಚರಿಸುವುದು ಇದರ ನೆನಪಿಗೇ. ಸುವಾರ್ತೆ ಹೊತ್ತು ಬಂದವರ ಕೈಯಿಂದ ಕನ್ನಡಿಗರ ಮನೆಗೆ ಮೊದಲು ಬಂದದ್ದು ವಾರ್ತೆ!

1848ರಿಂದ 1853ರವರೆಗೆ ಅವರು 'ಬಿಬ್ಲಿಯೋಥಿಕಾ ಕರ್ನಾಟಕಾ' ಎಂಬ ಮಾಲೆಯಲ್ಲಿ ಹಳೆಯ ಕನ್ನಡ ಕೃತಿಗಳನ್ನು ಅಚ್ಚು ಹಾಕಿಸಿದರು. ಖರ್ಚು ಕೊಟ್ಟವರು ಕಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ದಾಸರ ಪದಗಳು ಆ ಮಾಲೆಯಲ್ಲಿ ಬೆಳಕು ಕಂಡವು. ಕ್ರಿಸ್ತನ ಹೆಸರು ಸಾರಲು ಬಂದವರು ವಿಠಲನ ಅಂಕಿತದ ಪದಗಳನ್ನು ಅಚ್ಚು ಮಾಡಿಸಿದ್ದು ಸಣ್ಣ ಸಂಗತಿಯಲ್ಲ. ಈ ಮಾಲೆಗಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಇದರಲ್ಲಿ ಮಿಶನ್ನಿನ ಲಾಭದ ಲೆಕ್ಕವೂ ಇತ್ತು. ಹೊಸದಾಗಿ ಬರುವ ಮಿಶನರಿಗಳು ಜನರ ಮನಸ್ಸು ತಿಳಿಯಲು ಈ ಪುಸ್ತಕಗಳು ಬೇಕಿದ್ದವು. ಆದರೆ ಲೆಕ್ಕ ಏನೇ ಇರಲಿ, ತಾಳೆಗರಿಯಲ್ಲಿದ್ದದ್ದು ಪುಸ್ತಕವಾಗಿ ಉಳಿಯಿತು.

ಮೊಗ್ಲಿಂಗ್ ಅವರ ಕತೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಸನ್ಮಾನಪತ್ರದಂತೆ ಆದೀತು. ಆ ಕತೆಯಲ್ಲಿ ಒಂದು ಮನೆಯ ನೋವೂ ಇದೆ. ವಿದ್ಯಾರ್ಥಿಗಳಿಗೂ ತಂದೆತಾಯಿಗಳಿಗೂ ಹೆಚ್ಚು ಹತ್ತಿರವಾದದ್ದು ಅದೇ.

ಮಂಗಳೂರಿನ ಮಿಶನ್ ಇಂಗ್ಲಿಷ್ ಶಾಲೆಯಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣರ ಹುಡುಗನಿದ್ದ. ಹುಟ್ಟಿದ್ದು 1825ರಲ್ಲಿ. ಇಂಗ್ಲಿಷ್ ಕಲಿತರೆ ಮಗನಿಗೆ ಸರಕಾರದಲ್ಲಿ ಒಂದು ಕೆಲಸ ಸಿಕ್ಕೀತು ಎಂಬುದು ಆ ಕಾಲದಲ್ಲಿ ಹೆತ್ತವರೆಲ್ಲರ ಆಸೆ. 1844ರ ಜನವರಿ 6ರಂದು ಆನಂದರಾವ್ ಮತ್ತು ಇನ್ನಿಬ್ಬರು ಬ್ರಾಹ್ಮಣ ಯುವಕರು ದೀಕ್ಷಾಸ್ನಾನ ಪಡೆದರು. ಊರಿನಲ್ಲಿ ಕೋಲಾಹಲವೆದ್ದಿತು. ಮಕ್ಕಳನ್ನು ಶಾಲೆ ಬಿಡಿಸಿದರು. ಅಂದಿನ ಕಟ್ಟಳೆಯಲ್ಲಿ ಜಾತಿ ಬಿಟ್ಟ ಮಗ ಮನೆಗೆ ಸತ್ತಂತೆ. ಜೊತೆಗೆ ಕೂತು ಉಣ್ಣುವಂತಿಲ್ಲ, ಒಳಗೆ ಕರೆಯುವಂತಿಲ್ಲ. ಓದಿಗೆಂದು ಕಳಿಸಿದ ಮಗ ಹೀಗೆ ಕೈತಪ್ಪಿ ಹೋದಾಗ ತಾಯಿಯ ಕರುಳು ಏನಾಗಿರಬೇಕು? ಮಿಶನ್ನಿನವರಿಗೆ ಅದು ಸಂತೋಷದ ದಿನ. ಆ ಮೂರು ಮನೆಗಳಲ್ಲಿ ಅದು ಸೂತಕದ ದಿನ.

ಆನಂದರಾವ್ ಚಿಕ್ಕ ಹುಡುಗನಾಗಿರಲಿಲ್ಲ ನಿಜ. ಸ್ವಂತ ಬುದ್ಧಿಯಿಂದ ಆರಿಸಿಕೊಂಡ ದಾರಿಯಲ್ಲಿ ಕೊನೆಯವರೆಗೂ ನಡೆದರು. 1846ರಲ್ಲಿ ಗುರುವಿನೊಂದಿಗೆ ಯೂರೋಪಿಗೆ ಹೋಗಿ, ಬಾಸೆಲಿನಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದರು. ದೀಕ್ಷೆಯಲ್ಲಿ ಗುರುವಿನ ಹರ್ಮನ್ ಎಂಬ ಹೆಸರು ಬಂತು. ಆದರೂ ಹೆತ್ತವರಿಟ್ಟ ಆನಂದರಾವ್ ಎಂಬುದನ್ನು ಬಿಡಲಿಲ್ಲ, ಕೌಂಡಿನ್ಯ ಎಂಬ ಗೋತ್ರದ ಹೆಸರನ್ನೂ ಬಿಡಲಿಲ್ಲ. ಹರ್ಮನ್ ಆನಂದರಾವ್ ಕೌಂಡಿನ್ಯ ಎಂದೇ ಬಾಳಿದರು. ಮಂಗಳೂರಿನ ಸೆಮಿನರಿಯಲ್ಲಿ ಪಾಠ ಹೇಳಿ ಇಲ್ಲಿನವರನ್ನೇ ಉಪದೇಶಿಗಳಾಗಿ ತಯಾರು ಮಾಡಿದರು. ಕೊಡಗಿನಲ್ಲಿ ಭೂಮಿಯಿಲ್ಲದೆ ಜೀತದಂತೆ ದುಡಿಯುತ್ತಿದ್ದವರಿಗಾಗಿ ಕಟ್ಟಿದ ಆನಂದಪುರ ಎಂಬ ಊರಿಗೆ ಅವರದೇ ಹೆಸರು. ಶಾಲೆಯ ಮೆಟ್ಟಿಲು ಹತ್ತಲಾರದ ಜನರ ನಡುವೆ ಆ ಕೆಲಸಕ್ಕೆ ಬೇರೆಯೇ ಬೆಲೆ ಇತ್ತು. ಅವರಿಗೆ ಅದು ಗೋತ್ರ, ಕುಲಗಳ ಪ್ರಶ್ನೆಯಲ್ಲ. ಮನುಷ್ಯರೆಂದು ಕರೆಸಿಕೊಳ್ಳುವ ಪ್ರಶ್ನೆ.

ಹೀಗೆ ಒಂದೇ ಸುದ್ದಿ ಒಂದು ಮನೆಗೆ ಬಿಡುಗಡೆಯಾಗಿ, ಇನ್ನೊಂದು ಮನೆಗೆ ಅಗಲಿಕೆಯಾಗಿ ಬಂದಿತು. ಎರಡನ್ನೂ ಒಟ್ಟಿಗೆ ನೆನೆಯದೆ ಸುವಾರ್ತಿಕನ ಪಾತ್ರವನ್ನು ತೂಗಲಾಗದು. ಗುರುವಿನ ಕೈಯಲ್ಲಿ ಶಿಷ್ಯನ ನಂಬಿಕೆ ಇರುತ್ತದೆ. ಪಾಠ ಹೇಳುವವನು, ಔಷಧಿ ಕೊಡುವವನು, ಅನ್ನ ಹಾಕುವವನು ಜೊತೆಗೆ ಧರ್ಮವನ್ನೂ ಹೇಳಿದಾಗ ಕೇಳುವವನಿಗೆ 'ಬೇಡ' ಎನ್ನುವುದು ಸುಲಭವಲ್ಲ. ಮಿಶನ್ನಿಗೂ ಇದರ ಇನ್ನೊಂದು ಮುಖ ಅನುಭವಕ್ಕೆ ಬಂತು. ಮತ ಬದಲಿಸಿದವರಿಗೆ ಊರಿನಲ್ಲಿ ಕೆಲಸ ತಪ್ಪಿದಾಗ ಅವರ ಹೊಟ್ಟೆಯ ಹೊಣೆ ಮಿಶನ್ನಿನ ಮೇಲೇ ಬಿತ್ತು. ನೇಯ್ಗೆ, ಅಚ್ಚುಕೂಟದ ಕೆಲಸಗಳ ಜೊತೆಗೆ, ಪ್ಲೆಬ್ಸ್ಟ್ ಅವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹೆಂಚು ಹೆಸರಾದದ್ದು ಹಾಗೆ. ಒಂದು ಮಾತು ಹೇಳಿ ಹೋಗಲು ಬಂದವರು ಕೇಳಿದವರ ಬದುಕಿಗೂ ಬಾಧ್ಯರಾಗಬೇಕಾಯಿತು.

1853ರಲ್ಲಿ ಬಂದ ಫರ್ಡಿನಂಡ್ ಕಿಟ್ಟೆಲ್ ಅವರದು ಇನ್ನೂ ವಿಚಿತ್ರವಾದ ಪಾಡು. ಅವರು 1832ರಲ್ಲಿ ಉತ್ತರ ಜರ್ಮನಿಯಲ್ಲಿ ಹುಟ್ಟಿದವರು. ಜನರ ಭಾಷೆ, ಗ್ರಂಥ, ಛಂದಸ್ಸುಗಳನ್ನು ಆಳವಾಗಿ ತಿಳಿದರೆ ಮಾತ್ರ ಅವರ ಮುಂದೆ ನಿಲ್ಲಲು ಯೋಗ್ಯತೆ ಬರುತ್ತದೆಂದು ನಂಬಿದ್ದರು. 1862ರಲ್ಲಿ 'ಕಥಾಮಾಲೆ' ಎಂಬ ಹೆಸರಿನಲ್ಲಿ ಯೇಸುವಿನ ಕತೆಯನ್ನು ಕನ್ನಡ ಛಂದಸ್ಸಿನಲ್ಲೇ ಹಾಡಿದರು. ಆದರೆ ಪುಸ್ತಕದ ಮುಂದೆ ಇಷ್ಟು ಹೊತ್ತು ಕೂರುವವರು ಸುವಾರ್ತೆಯ ಕೆಲಸಕ್ಕೆ ಬರುತ್ತಾರೆಯೇ ಎಂದು ಜೊತೆಯ ಮಿಶನರಿಗಳಿಗೇ ಅಸಮಾಧಾನ. ವರದಿಯಲ್ಲಿ ಬರೆಯಲು ದೀಕ್ಷಾಸ್ನಾನಗಳ ಲೆಕ್ಕ ಬೇಕಲ್ಲ! ಕಿಟ್ಟೆಲ್ ಬಳಿ ಇದ್ದದ್ದು ಪದಗಳ ಲೆಕ್ಕ.

ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿ, ನಾಗವರ್ಮನ 'ಛಂದೋಂಬುಧಿ'ಯನ್ನು 1875ರಲ್ಲಿ ಸಂಪಾದಿಸಿ ಹೊರತಂದರು. ನಿಘಂಟಿನ ಕೆಲಸಕ್ಕೆ ಹಲವು ವರ್ಷ ಹಿಡಿಯಿತು. 1877ರಲ್ಲಿ ಜರ್ಮನಿಗೆ ಹೋದವರು ಆ ಕೆಲಸಕ್ಕಾಗಿಯೇ 1883ರಲ್ಲಿ ಮತ್ತೆ ಬಂದರು. ಮುನ್ಶಿಗಳನ್ನು ಕೂರಿಸಿಕೊಂಡು, ಹಳ್ಳಿಯವರ ಮಾತು ಕೇಳಿಸಿಕೊಂಡು, ಗಾದೆ, ಬೈಗುಳ, ಗಿಡಮರಗಳ ಹೆಸರು ಯಾವುದನ್ನೂ ಬಿಡದೆ ಬರೆದುಕೊಂಡರು. 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. 1896ರಲ್ಲಿ ಟ್ಯೂಬಿಂಗನ್ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಕನ್ನಡ ವ್ಯಾಕರಣ ಹೊರಬಂತು. ಆ ವರ್ಷದ ಕೊನೆಯಲ್ಲೇ ಕಿಟ್ಟೆಲ್ ತೀರಿಕೊಂಡರು.

ಧರ್ಮ ಹೇಳಲು ಬಂದವರು ನಿಘಂಟು ಯಾಕೆ ಬರೆದರು ಎಂದು ಕೇಳಿದ ಮಗುವಿಗೆ ಈಗ ಉತ್ತರ ಹೇಳಬಹುದು. ಹೇಳುವ ಕೆಲಸ ಹಿಡಿದವನಿಗೆ ಮೊದಲು ಕೇಳುವ ಕೆಲಸ ಬರುತ್ತದೆ. ಕಿಟ್ಟೆಲ್ ಆ ಮೊದಲ ಕೆಲಸವನ್ನು ಎಷ್ಟು ನಿಷ್ಠೆಯಿಂದ ಮಾಡಿದರೆಂದರೆ, ಬಾಳಿನ ಬಹುಭಾಗ ಅದಕ್ಕೇ ಸಂದುಹೋಯಿತು.

ಈಗ ಕಾಲ ಬದಲಾಗಿದೆ. ಸುವಾರ್ತಿಕ ಹಡಗಿನಲ್ಲಿ ಬರಬೇಕಾಗಿಲ್ಲ. ಟೀವಿಯಲ್ಲಿ, ಮೊಬೈಲಿನಲ್ಲಿ ಬರುತ್ತಾನೆ. 1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನ ತನ್ನ 25ನೇ ವಿಧಿಯಲ್ಲಿ ಎಲ್ಲರಿಗೂ ತಮ್ಮ ಧರ್ಮವನ್ನು ನಂಬುವ, ಆಚರಿಸುವ, ಪ್ರಸಾರ ಮಾಡುವ ಸ್ವಾತಂತ್ರ್ಯ ಕೊಟ್ಟಿದೆ. ಅದೇ ವಿಧಿ ಕೇಳುವವನ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನೂ ಕಾಪಾಡಿದೆ. ಪ್ರಸಾರದ ಹಕ್ಕು ಎಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ಆ ತೀರ್ಪಿನ ಬಗ್ಗೆ ಚರ್ಚೆ ನಡೆದೇ ಇದೆ. ಕಾನೂನು ಏನೇ ಹೇಳಲಿ, ಮನೆಯ ಜಗಲಿಯಲ್ಲಿ ಕೂತು ಯೋಚಿಸಬೇಕಾದ ಮಾತು ಬೇರೆ ಇದೆ.

ಯಾವ ಧರ್ಮದ್ದೇ ಆಗಲಿ, ಯಾವ ಪಕ್ಷದ್ದೇ ಆಗಲಿ, 'ಒಳ್ಳೆಯ ಸುದ್ದಿ ತಂದಿದ್ದೇನೆ' ಎಂದು ಬರುವವರು ಹದಿಹರೆಯದ ಮಕ್ಕಳಿಗೆ ದಿನವೂ ಎದುರಾಗುತ್ತಾರೆ. ವಿದ್ಯಾರ್ಥಿಗಳು ಅವರನ್ನು ಫಿಲಿಪ್ಪನ ಅಳತೆಗೋಲಿನಿಂದ ಅಳೆಯಬಹುದು. ಈತ ಮಾತು ಶುರುಮಾಡುವ ಮುಂಚೆ ನನ್ನನ್ನು ವಿಚಾರಿಸಿದನೇ? ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟನೇ, ಇಲ್ಲ ತನಗೆ ಬೇಕಾದದ್ದನ್ನೇ ಹೇಳಿದನೇ? ಮನೆಗೆ ಹೋಗಿ, ಅಪ್ಪ ಅಮ್ಮನೊಂದಿಗೆ ಮಾತನಾಡಿ, ನಿಧಾನವಾಗಿ ಯೋಚಿಸಲು ಬಿಟ್ಟನೇ? 'ಬೇಡ' ಎಂದರೆ ಸ್ನೇಹ ಉಳಿಯುತ್ತದೆಯೇ? ಈ ಪ್ರಶ್ನೆಗಳಿಗೆ ಅಂಜುವವನ ಕೈಯಲ್ಲಿರುವುದು ಒಳ್ಳೆಯ ಸುದ್ದಿಯಾಗಿರಲಾರದು.

ತಂದೆತಾಯಿಗಳಿಗೂ ಇದರಲ್ಲಿ ಪಾಲಿದೆ. ಬೆಳೆಯುವ ಮಕ್ಕಳಿಗೆ ದೇವರ ಬಗ್ಗೆ, ಸಾವಿನ ಬಗ್ಗೆ, ನ್ಯಾಯದ ಬಗ್ಗೆ ಪ್ರಶ್ನೆಗಳು ಏಳುತ್ತವೆ. 'ಸುಮ್ಮನೆ ಓದಿಕೋ ಹೋಗು' ಎಂದು ಗದರಿದರೆ ಪ್ರಶ್ನೆ ಸಾಯುವುದಿಲ್ಲ. ಕೇಳಿಸಿಕೊಳ್ಳುವ ಕಿವಿ ಇರುವ ಕಡೆಗೆ ಎದ್ದು ಹೋಗುತ್ತದೆ. ಮಗ ಅಥವಾ ಮಗಳು ಬೇರೊಂದು ದಾರಿಯನ್ನು ಯೋಚಿಸಿ ಆರಿಸಿಕೊಂಡರೂ, ಬಾಗಿಲು ಮುಚ್ಚದೆ ಊಟಕ್ಕೆ ಕರೆಯುವ ಮನೆ 1844ರ ಮಂಗಳೂರಿನಲ್ಲಿ ಇರಲಿಲ್ಲ. ಈಗ ಇರಬಹುದು, ಇರಬೇಕು.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಶೇಕಡಾ ಎರಡಕ್ಕಿಂತ ಕಡಿಮೆ. ಮೊಗ್ಲಿಂಗ್, ಕಿಟ್ಟೆಲ್ ಹೊತ್ತು ತಂದ ಸುವಾರ್ತೆಯನ್ನು ಒಪ್ಪಿಕೊಂಡವರು ಕೆಲವರೇ. ಒಪ್ಪದವರ ಮಕ್ಕಳೂ ಕನ್ನಡದ ಪದವೊಂದು ತಿಳಿಯದಿದ್ದಾಗ ಕಿಟ್ಟೆಲ್ ನಿಘಂಟನ್ನು ತೆರೆಯುತ್ತಾರೆ. ಅದರಲ್ಲಿ ಅವರಿಗೆ ಸಿಗುವುದು ಕಿಟ್ಟೆಲ್ ಹೇಳಿದ್ದಲ್ಲ, ಕನ್ನಡಿಗರ ಬಾಯಿಂದ ಕಿಟ್ಟೆಲ್ ಕೇಳಿಸಿಕೊಂಡದ್ದು.